ಮರೆವು ಮೊದಲೋ, ಹಲ್ಲು ಮೊದಲೋ

ಎರಡು ವರ್ಷದ ಹಿಂದಿನ ಮಾತು. ದಾವಣಗೆರೆಯಲ್ಲಿ ಬಿಡಿಎಸ್ ಮುಗಿಸಿ ಹರಿಹರದ ಒಂದು ದಂತ ಚಿಕಿತ್ಸಾಲಯಕ್ಕೆ ಸೇರಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಯ ಚಟ ಇನ್ನೂ ನಾಲಿಗೆಯಿಂದ ಇಳಿದಿರಲಿಲ್ಲ.

ಭಾನುವಳ್ಳಿಯ ಮಂಜಣ್ಣ ತಾಯಿ ಗಂಗಮ್ಮನವರನ್ನು ಕರೆತಂದರು. ಜೊತೆಗೆ ಗಂಗಮ್ಮನವರ ವಾರಗಿತ್ತಿ ರುದ್ರಮ್ಮ. ಇಬ್ಬರಿಗೂ ಹಿಂದಿನ ವರ್ಷ ನಮ್ಮಲ್ಲೇ ಹಲ್ಲುಸೆಟ್ಟು ಮಾಡಿಕೊಡಲಾಗಿತ್ತು. ಈಗ ಗಂಗಮ್ಮನವರ ಒಸಡು ಹುಣ್ಣಾಗಿತ್ತು. ಮೇಲಿನ ಹಲ್ಲು ಕೆಳಗಿನದಕ್ಕೆ ಕೂಡುವ ಬಗೆ, ನಾವು ಆಕ್ಲೂಷನ್ ಎನ್ನುವುದು, ಪೂರ್ತಿ ತಪ್ಪಿತ್ತು.

"ಹಲ್ಲು ಸರಿ ಕೂಡ್ಲಿಲ್ಲಂದ್ರೆ ಮೆದುಳು ಸೊರಗ್ತೈತಂತೆ ಮೇಡಂ, ಮೊಬೈಲ್‌ನಾಗ ನೋಡೀನಿ. ಅವ್ವ ನನ್ ಹೆಸ್ರೇ ಮರೀತಾಳೆ. ಹಲ್ಲು ಸರಿಮಾಡ್ರಿ, ನೆಪ್ಪು ತಾನೇ ಬರ್ತೈತೆ," ಎಂದರು ಮಂಜಣ್ಣ.

"ಬೆಕ್ಕು ಅಡ್ಡ ಬಂತು, ಬಸ್ಸು ತಪ್ಪಿತು. ಹಂಗಂತ ಬೆಕ್ಕೇ ಬಸ್ಸು ತಪ್ಪಿಸ್ತಾ?" ಎಂದೆ. ಸರಿಯಾಗಿ ಅಗಿಯಲಾಗದವರಲ್ಲಿ ನೆನಪೂ ಕುಂದಿರುವುದನ್ನು ಸಂಶೋಧಕರು ಗಮನಿಸಿದ್ದಾರೆ, ನಿಜ. ಯಾವುದರಿಂದ ಯಾವುದು ಎಂಬುದು ಇನ್ನೂ ತೀರ್ಮಾನವಾಗಿಲ್ಲ. "ಮರೆವೇ ಮೊದಲು ಬಂದಿರಬಹುದಲ್ಲ?"

ಮಂಜಣ್ಣನ ಮುಖ ಸಪ್ಪಗಾಯಿತು.

ಸೆಟ್ಟು ಎಲ್ಲಿ ತಪ್ಪಿದೆ ನೋಡೋಣವೆಂದು ಒಳಗೆ ಹೋಗಿ, ಕಪಾಟಿನಲ್ಲಿದ್ದ ಗಂಗಮ್ಮನವರ ಬಾಯಿಯ ಪ್ಲಾಸ್ಟರ್ ಅಚ್ಚಿನ ಮೇಲೆ ಅವರ ಬಾಯಿಂದ ಬಿಚ್ಚಿದ ಕೆಳಗಿನ ಸೆಟ್ಟು ಇಟ್ಟೆ. ಕೂರಲಿಲ್ಲ. ಪಕ್ಕದಲ್ಲಿ ರುದ್ರಮ್ಮನವರ ಅಚ್ಚಿತ್ತು. ಅದರ ಮೇಲೆ ಟಕ್ಕನೆ ಕೂತಿತು.

ರುದ್ರಮ್ಮನವರನ್ನು ಒಳಗೆ ಕರೆದೆ. ಅವರು ಸೆರಗು ಸರಿಸಿ ಬಾಯಿ ತೆರೆದರು. ಅಲ್ಲೂ ಹುಣ್ಣು.

"ಒಂದಿನ ಮುಂಜಾನೆ ಅಕಿ ಎದ್ದು, ರಾತ್ರಿ ನಾನು ಬಟ್ಲಾಗ ಬಿಚ್ಚಿಟ್ಟ ಹಲ್ಲು ಹಾಕ್ಕೊಂಡ್ಲು ತಾಯಿ. ನಿಂದಲ್ಲ ಅಂದ್ರೆ ಗಡಗಡ ನಡುಗ್ತಾಳೆ. ಮನ್ಯಾಗ ತಿಳೀಬಾರ್ದಂತ ಅಕಿದು ನಾನು ಹಾಕ್ಕೊಂಡೆ. ಇಷ್ಟು ದಿನ ಒಲೆ ಹಂಚ್ಕೊಂಡಿದ್ವಿ, ಈಗ ಹಲ್ಲು!" ನಕ್ಕರು. ನಗುವಾಗ ಸೆಟ್ಟು ಜಾರಿತು.

ನನ್ನ ವಾದ ಗೆದ್ದಿತ್ತು. ಆದರೆ ಹಲ್ಲೇ ಕಾರಣವಾಗಿದ್ದರೆ ಉಜ್ಜಿ ಸರಿಪಡಿಸುತ್ತಿದ್ದೆ. ಮರೆವೇ ಕಾರಣವೆಂದರೆ ಅದಕ್ಕೆ ನನ್ನಲ್ಲಿ ಯಾವ ಉಪಕರಣವಿತ್ತು?

ಸೆಟ್ಟುಗಳನ್ನು ತೊಳೆದು ಅವರವರಿಗೆ ಹಾಕಿದೆ. ಗಂಗಮ್ಮನವರ ಹಲ್ಲಿನ ನಡುವೆ ನೀಲಿ ಕಾಗದವಿಟ್ಟು ಕಚ್ಚಿಸಿದಾಗ ಗುರುತು ಎರಡೂ ಕಡೆ ಸಮವಾಗಿ ಮೂಡಿತು.

"ಸರಿಹೋತು ನೋಡವ್ವಾ!" ಎಂದರು ಮಂಜಣ್ಣ.

ಗಂಗಮ್ಮ ನನ್ನ ಮುಂಗೈ ಗಟ್ಟಿಯಾಗಿ ಹಿಡಿದು, ಮಗನಿಗೆ ಕೇಳದಂತೆ ಪಿಸುಗುಟ್ಟಿದರು: "ತಾಯಿ, ಇವು ಯಾರ ಹಲ್ಲು? ಅವ್ರು ಬೈಯಂಗಿಲ್ಲೇನು?"

ಮಂಜಣ್ಣನನ್ನು ಹೊರಗೆ ಕೂರಿಸಿ ಎಲ್ಲ ಹೇಳಿ, ದಾವಣಗೆರೆಯ ನರರೋಗ ತಜ್ಞರಿಗೆ ಚೀಟಿ ಬರೆದುಕೊಟ್ಟೆ. ವಾದದಲ್ಲಿ ಕಾರಣ ಸಿಕ್ಕರೆ ಮಾತು ಮುಗಿಯುತ್ತದೆ. ಈ ಕೆಲಸದಲ್ಲಿ ಅಲ್ಲಿಂದಲೇ ಶುರು. ಈಗ ಸೆಟ್ಟು ಸಡಿಲವೆಂದು ಬರುವ ಪ್ರತಿ ಹಿರಿಯರನ್ನೂ ಮೊದಲು ಕೇಳುತ್ತೇನೆ, "ರಾತ್ರಿ ಎಲ್ಲಿ ಬಿಚ್ಚಿಡ್ತೀರಿ?" ಉತ್ತರ ಬಂದ ಮೇಲೆಯೇ ಬಾಯಿ ತೆರೆಯಲು ಹೇಳುತ್ತೇನೆ.