ಗಿರಣಿಗೆ ಬಂದ ಜೋಳದ ಬುಟ್ಟಿ

ಗೌಡರ ಮನೆಯ ಹಿರಿಯಮ್ಮ ಆಳಿನ ಕೈಲಿ ಕಳಿಸದೆ, ತಾವೇ ಜೋಳದ ಬುಟ್ಟಿ ಹೊತ್ತು ನನ್ನ ಹಿಟ್ಟಿನ ಗಿರಣಿಯ ಬಾಗಿಲಿಗೆ ಬಂದಾಗ ನಾನು ಗಾಬರಿಯಿಂದ ಎದ್ದು ನಿಂತೆ. ತೊಂಬತ್ತರ ದಶಕದ ಮಾತು. ಸುರೇಬಾನದ ಹತ್ತಿರದ ನಮ್ಮೂರಿಗೆ ಅದೊಂದೇ ಗಿರಣಿ. ಆದರೆ ತೆರೆದು ತಿಂಗಳಾಗುತ್ತ ಬಂದರೂ ನಮ್ಮ ಕೇರಿಯವರನ್ನು ಬಿಟ್ಟು ಬೇರಾರೂ ಬಂದಿರಲಿಲ್ಲ. ದಲಿತನ ಗಿರಣಿಯ ಹಿಟ್ಟು ಬೇಡವೆಂದು ಉಳಿದವರು ಬಸ್ಸು ಹತ್ತಿ ರಾಮದುರ್ಗಕ್ಕೆ ಹೋಗುತ್ತಿದ್ದರು. ಯಂತ್ರ ಮಾರಿಬಿಡಲು ನಾನು ಗಿರಾಕಿ ಹುಡುಕುತ್ತಿದ್ದೆ.

“ಅವ್ವಾರ, ಇದು ನಮ್ಮ ಗಿರಣಿರಿ,” ಎಂದೆ. ತಿಳಿಯದೆ ಬಂದಿರಬೇಕು ಎಂದುಕೊಂಡಿದ್ದೆ.

“ಗೊತ್ತೈತಿ ತಮ್ಮಾ. ಈ ಜ್ವಾಳ ಕೊಯ್ದು ರಾಶಿ ಮಾಡ್ದಾಕಿ ನಿಮ್ಮವ್ವ. ಆವಾಗ ಬ್ಯಾಡ ಅನ್ನಲಿಲ್ಲ, ಈಗ ಹೆಂಗ ಅನ್ನಲಿ? ಸಣ್ಣಗ ಬೀಸು.”

ನಾನು ಯಂತ್ರದ ಪಟ್ಟಾ ಏರಿಸಿ ಜೋಳ ಸುರಿದೆ. ಹಿಟ್ಟಾಗುವವರೆಗೂ ಅವರು ಒಳಗೇ ಕುಳಿತರು. ದಾರಿಯಲ್ಲಿ ಹೋಗುವವರು ನಿಂತು ನೋಡಿದರು.

ಆ ಹಿಟ್ಟಿನ ರೊಟ್ಟಿಯನ್ನು ಅವರ ಮನೆಯವರು ಉಂಡರೋ ಇಲ್ಲವೋ ಎಂಬ ಚಿಂತೆ ನನ್ನನ್ನು ವಾರವಿಡೀ ಕಾಡಿತು. ಎಂಟನೆಯ ದಿನ ಅವರ ಸೊಸೆ ಬುಟ್ಟಿ ಹೊತ್ತು ಬಂದಳು. ಯಂತ್ರ ಮಾರುವ ಯೋಚನೆಯನ್ನು ನಾನು ಅಂದೇ ಬಿಟ್ಟೆ.