ಬೀಳ್ಕೊಡುಗೆ ಆದ ಮೇಲೆ

ಟಿಕೋಟಾದ ಒಂದು ಖಾಸಗಿ ಶಾಲೆಯಲ್ಲಿ ನಾನು ಗಣಿತ ಕಲಿಸುತ್ತಿದ್ದೆ. ಮನೆ ವಿಜಯಪುರದ ಜೋರಾಪುರ ಪೇಟೆಯಲ್ಲಿ. ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ಸಂಜೆ ತಿರುಗಿ ಬರುತ್ತಿದ್ದೆ. ಪಾಠ ಮಾಡುವುದು ಬೇಸರವಾಗಿತ್ತು ಅಂತಲ್ಲ. ಕಷ್ಟಪಟ್ಟು ಓದಿದ ಎಂ.ಕಾಂ. ಯಾವ ಕೆಲಸಕ್ಕೂ ಬಾರದೆ ಹೋಯಿತಲ್ಲ ಎಂಬ ಕೊರಗು ಒಳಗೇ ಇತ್ತು. ಹಾಗಾಗಿ ನಗರದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಆಡಳಿತ ವಿಭಾಗಕ್ಕೆ ಒಬ್ಬರು ಬೇಕಾಗಿದ್ದಾರೆ ಎಂದು ಕೇಳಿದ ದಿನವೇ ಅರ್ಜಿ ಹಾಕಿದೆ.

ಮೊದಲು ಒಂದು ಪರೀಕ್ಷೆ, ಆಮೇಲೆ ಮ್ಯಾನೇಜರ್ ಜೊತೆ ಮಾತುಕತೆ, ಕಡೆಗೆ ಆಸ್ಪತ್ರೆಯ ಮಾಲೀಕರಾದ ಹಿರಿಯ ಡಾಕ್ಟರ ಮುಂದೆ ಸಂದರ್ಶನ. ಡಾಕ್ಟರು ಚಹಾ ತರಿಸಿದರು. ಮಾತು ಮುಗಿದ ಮೇಲೆ ತಾವೇ ಎದ್ದು ಬಂದು ಹೊರಗಿನ ಕೋಣೆಯಲ್ಲಿ ಕಿಟಕಿ ಪಕ್ಕದ ಖಾಲಿ ಮೇಜು ತೋರಿಸಿದರು.

"ಇಲ್ಲೇ ಕುಂದರಬೇಕಾಗತೈತಿ ನೋಡ್ರಿ. ಮಧ್ಯಾಹ್ನ ಬಿಸಲ ಬರತೈತಿ, ಪಡದಾ ಹಾಕಿಸಿ ಕೊಡ್ತೀವಿ. ಸಾಲಿಯವರು ಲಗೂನ ಬಿಡ್ತಾರಿಲ್ರಿ?"

"ಬಿಡ್ತಾರ್ರಿ ಸರ್."

"ಹಂಗಾದ್ರ ಅವರಿಗೆ ಹೇಳಿ ಇಡ್ರಿ. ನಾವು ಫೋನ್ ಮಾಡ್ತೀವಿ."

ಪರದೆಯ ಮಾತು ಬಂದ ಮೇಲೆ ಇನ್ನೇನು ಅನುಮಾನ? ಮರುದಿನವೇ ನಮ್ಮ ಹೆಡ್‌ಮಾಸ್ತರರಿಗೆ ಹೇಳಿಬಿಟ್ಟೆ. ಅವರಿಗೆ ನನಗಿಂತ ಹೆಚ್ಚು ಸಂಭ್ರಮ. ವಾರ್ಷಿಕ ಪರೀಕ್ಷೆ ಮುಗಿದ ವಾರ ಬೀಳ್ಕೊಡುಗೆ ಇಟ್ಟುಕೊಂಡರು. ಶಾಲು ಹೊದಿಸಿದರು. ಹೊನವಾಡದಿಂದ ಬರುತ್ತಿದ್ದ ಒಂದು ಹುಡುಗಿ ಎರಡು ಮಾತು ಆಡಲು ನಿಂತು, ಒಂದೂ ಆಡದೆ ಅತ್ತಳು. ನಾನು ಮೈಕು ಹಿಡಿದು, "ಯಾರಿಗೆ ಆರಾಮ ಇಲ್ಲಂದ್ರೂ ದವಾಖಾನಿಗೆ ಬರ್ರಿ, ನಾ ಅಲ್ಲೇ ಇರ್ತೀನಿ" ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಮಾತು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಬೇಸಿಗೆ ರಜೆ ಶುರುವಾಯಿತು. ಫೋನು ಬರಲಿಲ್ಲ.

ಮೊದಲು ನಾನೇ ಸಮಾಧಾನ ಹೇಳಿಕೊಂಡೆ: ದೊಡ್ಡ ಆಸ್ಪತ್ರೆ, ನೂರು ಕೆಲಸ. ಆಮೇಲೆ ಮ್ಯಾನೇಜರಿಗೆ ಕರೆ ಮಾಡಿದೆ. "ಸರ್ ಊರಾಗ ಇಲ್ರಿ, ಬಂದ ಮ್ಯಾಲೆ ಹೇಳ್ತೀನಿ" ಎಂದರು. ಮತ್ತೊಮ್ಮೆ ಮಾಡಿದಾಗ ಎತ್ತಲಿಲ್ಲ. ಮೆಸೇಜು ಕಳಿಸಿದೆ, ಓದಿದ್ದಾರೆ ಎನ್ನುವ ನೀಲಿ ಗುರುತು ಮೂಡಿತು, ಉತ್ತರ ಮೂಡಲಿಲ್ಲ. ನಾನು ಬರೆದದ್ದರಲ್ಲೇ ಏನಾದರೂ ತಪ್ಪಿರಬೇಕು ಎಂದು ಅದನ್ನೇ ಮತ್ತೆ ಮತ್ತೆ ಓದಿದೆ. ಸಂದರ್ಶನದಲ್ಲಿ ಚಹಾ ಕುಡಿಯುವಾಗ ಸದ್ದು ಮಾಡಿದೆನೇ? ಮಗ ಚಿಕ್ಕವನು ಅಂದದ್ದು ತಪ್ಪಾಯಿತೇ? ಅವರು ಕೆಲಸ ಇಲ್ಲ ಅಂದಿದ್ದರೆ ಒಂದು ದಿನ ಅತ್ತು ಮುಗಿಸುತ್ತಿದ್ದೆ. ಏನೂ ಅನ್ನದವರ ಮುಂದೆ ನನ್ನ ತಪ್ಪು ನಾನೇ ಹುಡುಕಬೇಕಾಯಿತು.

ಓಣಿಯಲ್ಲಿ ಕೇಳದವರಿಲ್ಲ. "ಯಾವಾಗ ಹಾಜರ ಆಗ್ತೀ ಯವ್ವಾ?" ಎಂದು ಎದುರು ಮನೆಯವರು. "ಮುಂದಿನ ವಾರ್ರಿ" ಎಂದು ನಾನು. ಆ ಮುಂದಿನ ವಾರ ಬಂದಾಗ ನಾನು ಹಿಂದಿನ ಬಾಗಿಲಿನಿಂದ ತರಕಾರಿಗೆ ಹೋಗತೊಡಗಿದೆ. ನನ್ನ ಗಂಡ ಏನೂ ಕೇಳುತ್ತಿರಲಿಲ್ಲ. ಫೋನು ರಿಂಗಾದಾಗಲೆಲ್ಲ ಅವರು ತಟ್ಟೆಯಿಂದ ತಲೆ ಎತ್ತುವುದು ಮಾತ್ರ ನನಗೆ ಕಾಣುತ್ತಿತ್ತು.

ಕಡೆಗೆ, ಶಾಲೆಗಳು ಮತ್ತೆ ತೆರೆಯುವ ಹೊತ್ತಿಗೆ, ಒಂದು ದಿನ ಒಳ್ಳೆಯ ಸೀರೆ ಉಟ್ಟು ನೇರವಾಗಿ ಆಸ್ಪತ್ರೆಗೇ ಹೋದೆ. ಕೌಂಟರಿನ ಹುಡುಗಿ ತಲೆ ಎತ್ತದೆ, "ಪೇಶಂಟ್ ಹೆಸರು ಹೇಳ್ರಿ" ಎಂದಳು. ಹಿಂದೆ ಸಾಲು ನಿಂತಿತ್ತು. ಅಷ್ಟು ಮಂದಿಯ ಎದುರು, ನಾನು ಕೆಲಸ ಕೇಳಲು ಬಂದವಳು ಎನ್ನಲು ಬಾಯಿ ಬರಲಿಲ್ಲ. "ಆಮ್ಯಾಲೆ ಬರ್ತೀನ್ರಿ" ಎಂದು ರೋಗಿಗಳ ನಡುವೆ ಒಂದು ಕುರ್ಚಿಯಲ್ಲಿ ಕುಳಿತೆ. ಆಡಳಿತ ವಿಭಾಗದ ಕೋಣೆಯ ಬಾಗಿಲು ತೆರೆದಿತ್ತು. ಕಿಟಕಿ ಪಕ್ಕದ ಮೇಜಿನ ಮುಂದೆ ಯಾರೋ ಒಬ್ಬ ಯುವಕ ಕುಳಿತು ಕಂಪ್ಯೂಟರ್ ನೋಡುತ್ತಿದ್ದ. ಹಸಿರು ಪರದೆ ಹಾಕಿಸಿದ್ದರು.

ಎದ್ದು ಹೋಗಬೇಕು ಅನ್ನುವಷ್ಟರಲ್ಲಿ ಡಾಕ್ಟರು ವಾರ್ಡಿನ ಕಡೆಯಿಂದ ಬಂದರು. ನನ್ನನ್ನು ನೋಡಿದರು. ಒಂದು ಕ್ಷಣ ನಿಂತರು. ಗುರುತು ಸಿಕ್ಕಿತೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು.

"ಯಾರನ್ನ ತೋರಸಾಕ ಬಂದೀರಿ?" ಎಂದರು.

ಇಷ್ಟು ದಿನ ಕೇಳಬೇಕೆಂದುಕೊಂಡ ಪ್ರಶ್ನೆ ಒಂದು. ಬಾಯಿಂದ ಬಂದದ್ದು ಬೇರೆ: "ನಮ್ಮ ಅತ್ತಿಯವರನ್ನ್ರಿ ಸರ್."

"ಆರಾಮ ಆಗ್ತಾರ, ಚಿಂತಿ ಮಾಡಬ್ಯಾಡ್ರಿ" ಎಂದು ಹೇಳಿ ಅವರು ಒಳಗೆ ಹೋದರು.

ನಾನು ಅವರಿಗೆ ಕೈ ಮುಗಿದೆ ಕೂಡ. ಮಾತು ತಪ್ಪಿದವರು ಅವರು. ತಲೆ ತಗ್ಗಿಸಿದವಳು ನಾನು. ಅವರಿಗೆ ಮುಜುಗರ ಆಗಬಾರದು ಅಂತ ಆರೋಗ್ಯವಾಗಿರುವ ಅತ್ತೆಯನ್ನು ರೋಗಿ ಮಾಡಿಬಿಟ್ಟಿದ್ದೆ.

ಮನೆಗೆ ಬಂದು ಅಡುಗೆಮನೆಯಲ್ಲಿ ಅತ್ತೆಯ ಎದುರು ಎಲ್ಲ ಹೇಳಿದೆ. ಅವರು ಜೋಳದ ಹಿಟ್ಟು ನಾದುತ್ತಿದ್ದರು. ಕೈ ನಿಲ್ಲಿಸದೆ ಕೇಳಿದರು. ಆಮೇಲೆ, "ನನಗೇನ ಜಡ್ಡ ಐತಿ ಅಂತ ಹೇಳಿದಿ?" ಎಂದರು.

"ಅವರು ಕೇಳಲಿಲ್ಲ, ಅತ್ತಿ."

"ಕೇಳೂದ ಗೊತ್ತಿಲ್ಲ, ಹೇಳೂದೂ ಗೊತ್ತಿಲ್ಲ. ಎಂಥಾ ಡಾಕ್ಟರ ಬೇ ಅವ!"

ನನಗೆ ನಗು ಬಂತು, ಅದರ ಹಿಂದೆಯೇ ಅಳು. ಅತ್ತೆ ಹಿಟ್ಟಿನ ಕೈಯಲ್ಲೇ ನನ್ನ ಭುಜ ಹಿಡಿದು, "ನಾಳೆ ಟಿಕೋಟಾಕ್ಕ ಹೋಗಿ ಬಾ. ಆ ಹೆಡ್‌ಮಾಸ್ತರ ಕೆಟ್ಟವ ಅಲ್ಲ" ಎಂದರು.

ಹೋದೆ. ಶಾಲು ಹೊದಿಸಿಕೊಂಡು ಬಂದ ಶಾಲೆಗೆ ಕೆಲಸ ಬೇಡಿಕೊಂಡು ಹೋಗುವುದು ಎಂದರೆ ಏನೆಂದು ಗೇಟಿನ ಹತ್ತಿರ ಗೊತ್ತಾಯಿತು. ಬಾಗಿಲಲ್ಲಿದ್ದ ಜವಾನ, "ಮರೆತದ್ದು ಏನರ ಒಯ್ಯಾಕ ಬಂದ್ರೇನ್ರಿ ಟೀಚರ?" ಎಂದ. ಹೂಂ ಅಂದೆ.

ಹೆಡ್‌ಮಾಸ್ತರರು ಪೂರ್ತಿ ಕೇಳಿಸಿಕೊಂಡರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿಮ್ಮ ಜಾಗಾಕ್ಕ ಬಬಲೇಶ್ವರದ ಒಬ್ಬಾಕಿನ್ನ ತಗೊಂಡೀವ್ರಿ. ಆಕಿನ್ನ ಬಿಡಸಾಕ ನನ್ನಿಂದ ಆಗೂದಿಲ್ಲ. ಇಲ್ಲಿ ನಿಮಗ ಕೆಲಸ ಇಲ್ಲ, ತಂಗಿ."

ಹೇಳುವಾಗ ಅವರ ಮುಖ ಕೆಂಪಾಗಿತ್ತು. ಆದರೂ ನನ್ನ ಮುಖ ನೋಡಿಯೇ ಹೇಳಿದರು. ಕೆಲಸ ಇಲ್ಲವೆಂಬ ಮಾತು ಕೇಳಿ ಎದೆ ಹಗುರಾದದ್ದು ಅದೇ ಮೊದಲು. ಅವರು ಅಷ್ಟಕ್ಕೇ ಬಿಡಲಿಲ್ಲ. ನನ್ನೆದುರೇ ನಿಡೋಣಿಯ ಒಂದು ಶಾಲೆಗೆ ಫೋನು ಹಚ್ಚಿ, "ಚಲೋ ಟೀಚರ ಅದಾರ, ಕಳಸ್ತೀನಿ" ಎಂದರು.

ನಿಡೋಣಿಯ ಶಾಲೆಯ ಅಧ್ಯಕ್ಷರು ದ್ರಾಕ್ಷಿ ಬೆಳೆಯುವ ರೈತರು. ತೋಟದಿಂದ ಹಾಗೇ ಬಂದಿದ್ದರು. "ಟಿಕೋಟಾ ಯಾಕ ಬಿಟ್ಟೀರಿ?" ಎಂದು ಕೇಳಿದರು. ದೂರ ಆಗುತ್ತಿತ್ತು ಎಂದು ಹೇಳುವುದಾಗಿ ಬಸ್ಸಿನಲ್ಲಿ ನಿಶ್ಚಯ ಮಾಡಿಕೊಂಡಿದ್ದೆ. ಆದರೆ ಸುಳ್ಳು ಹೇಳಿ ಹೇಳಿ ದಣಿದಿದ್ದೆ. ಇದ್ದದ್ದನ್ನೇ ಹೇಳಿದೆ. "ನಮ್ಮ ಮಗನೂ ಹಿಂಗ ಕೆಲಸದ ಫೋನ್ ಕಾಯಕೋತ ಕುಂತಾನ್ರಿ" ಎಂದಷ್ಟೇ ಹೇಳಿ, ಅಧ್ಯಕ್ಷರು ಸೋಮವಾರದಿಂದ ಬರಲು ತಿಳಿಸಿದರು.

ಈಗ ಅಲ್ಲಿಯೇ ಇದ್ದೇನೆ. ಮಕ್ಕಳು ಒಳ್ಳೆಯವರು. ನಾಚಿಕೆ ಪೂರ್ತಿ ಹೋಗಿದೆ ಎಂದರೆ ಮಾತ್ರ ಸುಳ್ಳಾಗುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಟಿಕೋಟಾದ ಬಸ್ಸು ನಿಂತಿದ್ದರೆ, ಅದು ಹೊರಡುವವರೆಗೂ ನಾನು ಕಂಬದ ಆಚೆ ನಿಲ್ಲುತ್ತೇನೆ.