ತಟ್ಟೆಯಿಂದ ಹೋದ ಓಲೆಬೆಲ್ಲ

ಇದನ್ನು ಹೇಳಬೇಕೆಂದುಕೊಂಡು ಆರು ವರ್ಷ ಮುಂದೂಡಿದ್ದೇನೆ. ಹೇಳಿದರೆ ನನ್ನ ಕೈಯ ಹೆಸರು ಕೆಡುತ್ತದಲ್ಲ ಎಂಬ ಅಂಜಿಕೆ.

ಹೈಸ್ಕೂಲು ಮುಗಿಸಿ ಉರ್ವದ ಒಂದು ಹಲ್ಲಿನ ಕ್ಲಿನಿಕ್ಕಿಗೆ ಸಹಾಯಕನಾಗಿ ಸೇರಿದ ನಾನು ಅಲ್ಲೇ ಮುದುಕನಾದೆ. ಮಕ್ಕಳು ಡ್ರಿಲ್ಲಿನ ಸದ್ದಿಗೇ ಬಾಯಿ ಮುಚ್ಚಿಬಿಡುತ್ತಾರೆ. ಅಂಥವರಿಗೆ ನಮ್ಮ ಡಾಕ್ಟರಮ್ಮ ಪಪ್ಪಾಯಿ ಹಾಲಿನ ಸತ್ವದ ಜೆಲ್ ಹಚ್ಚುತ್ತಿದ್ದರು. ಅರ್ಧ ನಿಮಿಷ ಕಾದರೆ ಹುಳುಕು ಮೆತ್ತಗಾಗುತ್ತದೆ. ಮೊಂಡು ಚಮಚದಂಥ ಸಲಕರಣೆಯಿಂದ ಕೆರೆದು ತೆಗೆಯಬಹುದು, ಒಳ್ಳೆಯ ಹಲ್ಲು ಹಾಗೇ ಉಳಿಯುತ್ತದೆ. ಆಮೇಲೆ ಹಲ್ಲಿನ ಗುಳಿಯೊಳಗೆ ಅಂಟು ಸವರಿ, ಹಲ್ಲಿನ ಬಣ್ಣದ ರೆಸಿನ್ ಫಿಲ್ಲಿಂಗ್ ತುಂಬಿ, ನೀಲಿ ಬೆಳಕು ಹಿಡಿದು ಗಟ್ಟಿ ಮಾಡುವುದು.

ಜೆಲ್ ತಾಗಿದ ಹಲ್ಲಿನಲ್ಲಿ ರೆಸಿನ್ ನಿಲ್ಲುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನಾನು ಕಂಡ ಹಾಲುಹಲ್ಲುಗಳಲ್ಲಿ ಅದು ಡ್ರಿಲ್ ಮಾಡಿದ ಹಲ್ಲಿನಷ್ಟೇ ಗಟ್ಟಿಯಾಗಿ ನಿಂತಿದೆ. ಆದರೆ ಜೆಲ್ ಪೂರ್ತಿ ಹೋಗಿರಬೇಕು. ಒದ್ದೆ ಹತ್ತಿಯಿಂದ ಮೂರು ನಾಲ್ಕು ಸಲ ಒರೆಸಿ, ಮೂಲೆ ನೋಡಿ, ನೀರು ಬಿಟ್ಟು ತೊಳೆಯಬೇಕು. ಆ ಕೆಲಸ ನನ್ನದು.

ಮೊಮ್ಮಗಳಿಗೆ ಆಗ ಐದು ವರ್ಷ. ಕುಲಶೇಖರದಲ್ಲಿರುವ ಮಗಳು ಕೆಲಸ ಮುಗಿಸಿ ಬರುವವರೆಗೆ ಮಗು ನಮ್ಮ ಮನೆಯಲ್ಲಿರುತ್ತಿತ್ತು. ಶಾಲೆಯಿಂದ ಬಂದ ಕೂಡಲೇ ನನ್ನ ಹೆಂಡತಿ ಅವಳಿಗೂ ದೊಡ್ಡ ನೆಂಟರಿಗೆ ಕೊಡುವ ಹಾಗೆ ತಟ್ಟೆಯಲ್ಲಿ ಒಂದು ಲೋಟ ನೀರು, ತಾಳೆಗರಿಯಲ್ಲಿ ಕಟ್ಟಿ ಬರುವ ಓಲೆಬೆಲ್ಲದ ಒಂದು ಚೂರು ಇಟ್ಟು ಕೊಡುತ್ತಿದ್ದಳು. ಬಂದವರಿಗೆ ಮೊದಲು ಬೆಲ್ಲ ನೀರು, ಅದು ನಮ್ಮ ಕಡೆಯ ಕ್ರಮ.

ಮಗುವಿನ ದವಡೆಹಲ್ಲು ಹುಳುಕಾಯಿತು. ಬೆಲ್ಲ ನಿಲ್ಲಿಸಲು ಹೆಂಡತಿಗೆ ಹೇಳಿ, ನಾನೇ ಕ್ಲಿನಿಕ್ಕಿಗೆ ಕರೆದೊಯ್ದೆ. ಡಾಕ್ಟರಮ್ಮ ಜೆಲ್ ಹಚ್ಚಿ ಹುಳುಕು ಕೆರೆದು ಪಕ್ಕದ ಕುರ್ಚಿಯವರನ್ನು ನೋಡಲು ತಿರುಗಿದರು. ಮಗು ನನ್ನ ಹೆಬ್ಬೆರಳು ಹಿಡಿದು ಸುಮ್ಮನೆ ಮಲಗಿತ್ತು. ನೀರು ಬಿಟ್ಟರೆ ಅತ್ತೀತು. ನನ್ನ ಕೈಯಲ್ಲಿ ಮಕ್ಕಳು ಅಳುವುದಿಲ್ಲ ಎಂದು ಮೆರೆಯುತ್ತಿದ್ದವನು ನಾನು. ಹತ್ತಿಯನ್ನು ಒಂದೇ ಸಲ ಆಡಿಸಿದೆ.

“ಅಣ್ಣ, ತೊಳೆದಾಯ್ತಾ?”

“ಆಯ್ತು ಡಾಕ್ಟ್ರೇ.”

ಅವರು ತುಂಬಿದ ಫಿಲ್ಲಿಂಗ್ ಹತ್ತನೇ ದಿನ ಕಳಚಿ ಮಗುವಿನ ಅಂಗೈಗೆ ಬಂತು. ಮಗಳೂ ಹೆಂಡತಿಯೂ ನೋಡುತ್ತ ನಿಂತಿದ್ದರು. ತಿರುಗಿಸಿ ನೋಡಿದೆ. ಒಡೆದಿರಲಿಲ್ಲ, ಹುಣಸೆ ಬೀಜದ ಹಾಗೆ ಇಡಿಯಾಗಿ ಕಳಚಿತ್ತು. ಅಂಟು ಹಲ್ಲನ್ನು ಹಿಡಿದೇ ಇರಲಿಲ್ಲ. ಯಾಕೆಂದು ನನಗೆ ಆಗಲೇ ಗೊತ್ತಾಯಿತು: ನಾನು ತೊಳೆಯದೆ ಬಿಟ್ಟ ಜೆಲ್.

“ಇದು ನಿನ್ನ ಬೆಲ್ಲದ ಕೆಲಸ ಮಾರಾಯ್ತಿ,” ಎಂದೆ ಹೆಂಡತಿಗೆ.

“ನೀವು ಬೇಡ ಹೇಳಿದ ಮೇಲೆ ನಾನು ಕೊಟ್ಟದ್ದುಂಟಾ?”

“ಹಾಗಾದ್ರೆ ಫಿಲ್ಲಿಂಗಿಗೆ ಕಾಲು ಬಂತಾ?”

ಮಗಳು ನಕ್ಕಳು, ನನ್ನನ್ನೇ ನಂಬಿದಳು. ಮುಂದಿನ ವಾರದಿಂದ ಮಗುವನ್ನು ಡೇ ಕೇರಿಗೆ ಹಾಕಿದಳು. ಮಧ್ಯಾಹ್ನ ಶಾಲೆಯ ವ್ಯಾನು ನಮ್ಮ ಗೇಟಿನ ಮುಂದೆ ನಿಲ್ಲದೆ ಹೋಗುವಾಗ ಹೆಂಡತಿ ಜಗಲಿಯಿಂದ ನೋಡುತ್ತಿದ್ದಳು. ಆಮೇಲೆ ಯಾರೇ ಬಂದರೂ ಅವಳು ತಟ್ಟೆಗೆ ಬೆಲ್ಲ ಇಡಲಿಲ್ಲ. ಇಬ್ಬರಿಗೂ ಶುಗರ್ ಬಂದಿದೆಯೋ ಎಂದು ನೆಂಟರು ತಮಾಷೆ ಮಾಡುತ್ತಿದ್ದರು.

ಡಾಕ್ಟರಮ್ಮನಲ್ಲಿ ನಾನು ಮರುದಿನವೇ ತಪ್ಪು ಒಪ್ಪಿಕೊಂಡೆ. ಅವರು ಉಳಿದ ಹುಳುಕಿಗೆ ಮತ್ತೆ ಅದೇ ಜೆಲ್ ಹಾಕಿ ಹೊಸದಾಗಿ ತುಂಬಿದರು. ಈ ಸಲ ಮಗು ಅತ್ತರೂ ಬಿಡದೆ ತೊಳೆದೆ.

ಹೋದ ತಿಂಗಳು ಆ ಹಾಲುಹಲ್ಲು ತಾನಾಗಿ ಬಿತ್ತು, ಫಿಲ್ಲಿಂಗ್ ಸಮೇತ. ಮೊಮ್ಮಗಳು ತಂದು ತೋರಿಸಿದಳು. ಹೆಂಡತಿ ಅದನ್ನು ಬೆಳಕಿಗೆ ಹಿಡಿದು ನೋಡಿ ಕೇಳಿದಳು:

“ಡೇ ಕೇರಿನಲ್ಲಿ ದಿನಾ ಚಾಕಲೇಟ್ ಕೊಡ್ತಿದ್ರಂತೆ. ಇದು ಹೇಗೆ ನಿಂತಿತು?”

ನನಗೆ ಉತ್ತರ ಗೊತ್ತಿತ್ತು. ಹಲ್ಲನ್ನು ಅವಳ ಕೈಯಿಂದ ತೆಗೆದು ಮೊಮ್ಮಗಳ ಅಂಗೈಗೆ ವಾಪಸು ಇಟ್ಟೆ.

ಈಗ ಬರೆಯುತ್ತಿರುವಾಗಲೂ ಮೇಜಿನ ಮೇಲೆ ಲೋಟ ಇಟ್ಟು ಹೋದಳು. ಬರೀ ನೀರು. ನಾನು ಇನ್ನೂ ಕ್ಷಮೆ ಕೇಳದೆ ಉಳಿದಿರುವುದು ಅವಳಲ್ಲಿ, ನನ್ನ ಹೆಂಡತಿಯಲ್ಲಿ.